ಗೇಮ್‌ನಲ್ಲಿ ಖಿನ್ನತೆಯನ್ನು ಹೇಗೆ ತೋರಿಸಲಿ?

ಪ್ರಶ್ನೆ:
ಸಣ್ಣದೊಂದು ಗೇಮ್ ಮಾಡುತ್ತಿದ್ದೇನೆ. ನಾಯಕಿಗೆ ಖಿನ್ನತೆ. ನನಗೂ ಎರಡು ವರ್ಷ ಇತ್ತು. ಬೆಳಗ್ಗೆ ಬ್ರಷ್ ಹಿಡಿದು ಸುಮ್ನೆ ನಿಂತುಬಿಡುತ್ತಿದ್ದೆ, ಪೇಸ್ಟ್ ಒಣಗಿಹೋಗುತ್ತಿತ್ತು. ಹಲ್ಲುಜ್ಜಬೇಕು ಅಂತ ಗೊತ್ತು, ಕೈ ಏಳುತ್ತಿರಲಿಲ್ಲ. ಇದನ್ನು ಆಡುವವರಿಗೆ ಹೇಗೆ ಮುಟ್ಟಿಸಲಿ? ಮಳೆ, ಬೂದು ಬಣ್ಣ, ದುಃಖದ ಪಿಯಾನೊ ಸಾಕಾಗುವುದಿಲ್ಲ ಅನಿಸುತ್ತಿದೆ.

ಉತ್ತರ 1:
2013ರ 'ಡಿಪ್ರೆಶನ್ ಕ್ವೆಸ್ಟ್' ಆಡಿ. ಬರೀ ಅಕ್ಷರಗಳ ಗೇಮ್. ಒಳ್ಳೆಯ ಆಯ್ಕೆ ಕಣ್ಣೆದುರೇ ಇರುತ್ತದೆ, ಆದರೆ ಅದರ ಮೇಲೆ ಗೀಟು ಎಳೆದಿರುತ್ತದೆ. ಒತ್ತಲು ಆಗುವುದಿಲ್ಲ. ನಿಮ್ಮ ಬ್ರಷ್ ಕಥೆ ಇದೇ ಅಲ್ವಾ?

ಉತ್ತರ 2:
ನನ್ನ ಅಣ್ಣನಿಗೆ ಯಾರೂ ಇಲ್ಲದಿದ್ದರೂ ಧ್ವನಿಗಳು ಕೇಳಿಸುತ್ತವೆ. 2017ರ 'ಹೆಲ್‌ಬ್ಲೇಡ್' ಗೇಮ್‌ನ ನಾಯಕಿಗೂ ಹಾಗೇ. ಅದನ್ನು ಹೆಡ್‌ಫೋನ್ ಹಾಕಿ ಆಡಿದೆ. ಪಿಸುಮಾತು ಒಮ್ಮೆ ಎಡಗಿವಿಯಲ್ಲಿ, ಒಮ್ಮೆ ಬೆನ್ನ ಹಿಂದೆ. ಹಂಗಿಸುವ ಅದೇ ಧ್ವನಿಗಳು ಹೊಡೆದಾಟದಲ್ಲಿ 'ಹಿಂದೆ ನೋಡು' ಅಂತ ಎಚ್ಚರಿಸುತ್ತವೆ ಕೂಡ. ಅಣ್ಣ ಮಾತಿನ ನಡುವೆ ಯಾಕೆ ತಡೆಯುತ್ತಾನೆ ಅಂತ ಅವತ್ತು ಅರ್ಥವಾಯಿತು. ಆ ಗೇಮ್ ಮಾಡಿದವರು ವೈದ್ಯರ ಜೊತೆಗೆ ಸೈಕೋಸಿಸ್ (ಇಲ್ಲದ್ದು ಕೇಳಿಸುವ, ಕಾಣಿಸುವ ಸ್ಥಿತಿ) ಅನುಭವಿಸಿದವರನ್ನೂ ಕೇಳಿದ್ದರು. ನೀವೂ ನಿಮ್ಮಂಥ ನಾಲ್ಕು ಜನರಿಗೆ ಮೊದಲು ಆಡಿಸಿ.

ಉತ್ತರ 3:
ದಯವಿಟ್ಟು ಕಾಯಿಲೆಯನ್ನು ಕೊನೆಯ ರಾಕ್ಷಸ ಮಾಡಿ ಕೊಲ್ಲಿಸಬೇಡಿ. 2018ರ 'ಸೆಲೆಸ್ಟ್' ಗೇಮ್‌ನಲ್ಲಿ ನಾಯಕಿ ಮ್ಯಾಡಲಿನ್ ತನ್ನ ಖಿನ್ನತೆ, ಆತಂಕವೇ ಮೈತಳೆದ ಇನ್ನೊಂದು ರೂಪದ ಜೊತೆ ರಾಜಿಯಾಗಿ ಬೆಟ್ಟ ಹತ್ತುತ್ತಾಳೆ. ನನಗೆ ಅದೇ ನಿಜ ಅನಿಸಿತು.

ಪ್ರಶ್ನೆ ಕೇಳಿದವರು:
ಬ್ರಷ್ ದೃಶ್ಯವನ್ನೇ ಮೊದಲು ಮಾಡುತ್ತೇನೆ. ಬಟನ್ ಕಾಣುತ್ತದೆ, ಒತ್ತಿದರೂ ಕೈ ಅರ್ಧಕ್ಕೇ ನಿಲ್ಲುತ್ತದೆ.