ಫುಟ್‌ಬಾಲ್ ಆಟ ಬಿಟ್ಟು ಕೋಚಿಂಗ್‌ಗೆ ಇಳಿದವರು ನಿಮ್ಮ ಅನುಭವ ಹೇಳಿ

ಲೆಫ್ಟ್ ಬ್ಯಾಕ್, ಮಂಡ್ಯ: ವಯಸ್ಸು 29. ಬೆಂಗಳೂರಿನ ಸೂಪರ್ ಡಿವಿಷನ್ ಲೀಗಿನ ಕ್ಲಬ್ಬೊಂದಕ್ಕೆ ಆಡುತ್ತಿದ್ದೆ. ಮಂಡಿಗೆ ಎಸಿಎಲ್ (ಒಳಗಿನ ಲಿಗಮೆಂಟ್) ಆಪರೇಷನ್ ಆಗಿದೆ. ಮುಂದಿನ ಸೀಸನ್‌ಗೆ ಕ್ಲಬ್ಬಿನಿಂದ ಫೋನ್ ಬರುವ ಲಕ್ಷಣ ಇಲ್ಲ. ಕೋಚಿಂಗ್‌ನ ಡಿ ಲೈಸೆನ್ಸ್ ಇದೆ. ಮೈಸೂರಿನ ಶಾಲೆಯೊಂದು ತಿಂಗಳಿಗೆ 18,000 ಕೊಡುತ್ತೇವೆ ಅನ್ನುತ್ತಿದೆ. ಸೇರಿಕೊಳ್ಳಲಾ, ಇಲ್ಲ ಮೊದಲು ಅದರ ಮೇಲಿನ ಸಿ ಲೈಸೆನ್ಸ್ ಮುಗಿಸಲಾ? ಮನೆಯಲ್ಲಿ ಹೆಣ್ಣು ಬೇರೆ ನೋಡುತ್ತಿದ್ದಾರೆ.

ಸ್ಟಾಪರ್ (ನಡುವಿನ ಡಿಫೆಂಡರ್): ಶಾಲೆಯೋ ಲೈಸೆನ್ಸೋ ಆಮೇಲೆ. ಸ್ವಂತ ಅಕಾಡೆಮಿ ಅಂತ ಮಾತ್ರ ಹೋಗಬೇಡಿ. ನಾನು ಆಟ ಬಿಟ್ಟ ವರ್ಷವೇ ಕುವೆಂಪುನಗರದ ಹತ್ತಿರ ಖಾಲಿ ಜಾಗ ಬಾಡಿಗೆಗೆ ಹಿಡಿದೆ. ತಿಂಗಳಿಗೆ 12,000. ಜೆಸಿಬಿ ಕರೆಸಿ ಮಟ್ಟ ಮಾಡಿಸಿದ್ದಕ್ಕೆ 9,500. ಸೈಜ್ 4 ಬಾಲು ಒಂದಕ್ಕೆ 650, ಕಲ್ಲು ನೆಲಕ್ಕೆ ಮೂರು ತಿಂಗಳಲ್ಲಿ ಹೊಲಿಗೆ ಬಿಟ್ಟು ಬ್ಲಾಡರ್ ಇಣುಕುತ್ತೆ. ಕೋನ್, ಟೀಮು ಗುರುತಿಗೆ ಹಾಕುವ ಬಿಬ್ಸ್, ಓಟದ ಅಭ್ಯಾಸಕ್ಕೆ ನೆಲದ ಮೇಲೆ ಹಾಸುವ ಏಣಿ ಸೇರಿ 7,400. ವೆಲ್ಡಿಂಗ್ ಅಂಗಡಿಯಲ್ಲಿ ಗೋಲ್ ಪೋಸ್ಟ್ ಮಾಡಿಸಿದೆ, ಜೋಡಿಗೆ 16,000. ಒಂದು ಬೆಳಿಗ್ಗೆ ಹೋಗಿ ನೋಡ್ತೀನಿ, ಎರಡೂ ಕ್ರಾಸ್‌ಬಾರ್ ಇಲ್ಲ. ಯಾವನೋ ಗರಗಸದಲ್ಲಿ ನೀಟಾಗಿ ಕೊಯ್ದು ಗುಜರಿಗೆ ಹಾಕಿದ್ದಾನೆ. ನೆಟ್ ಮಾತ್ರ ಬಿಚ್ಚಿ, ಮಡಚಿ, ಕಂಬದ ಬುಡದಲ್ಲಿ ಇಟ್ಟು ಹೋಗಿದ್ದ. ಎಂಥಾ ಮರ್ಯಾದಸ್ಥ ಕಳ್ಳ ನೋಡಿ!

ಫೀಸು 1,000. ಮಾರ್ಚ್ ಬಂದರೆ ಪರೀಕ್ಷೆ ಅಂತ ಅರ್ಧ ಮಕ್ಕಳು ನಾಪತ್ತೆ. ಏಪ್ರಿಲ್‌ನಲ್ಲಿ ಉಳಿದವರು ಕ್ರಿಕೆಟ್ ಕ್ಯಾಂಪಿಗೆ. ಮಳೆಗಾಲದಲ್ಲಿ ಕೆಸರು. ಜಾಗದ ಬಾಡಿಗೆ ಮಾತ್ರ ಹನ್ನೆರಡು ತಿಂಗಳೂ ತಪ್ಪಲ್ಲ. ಹೆಂಡತಿಯ ಸರ ಅಡವಿಟ್ಟಿದ್ದೆ, ಹೋದ ವರ್ಷ ಬಿಡಿಸಿದೆ.

ಪಿಟಿ ಮೇಷ್ಟ್ರು: ಆಟಗಾರರದ್ದು ಇದೇ ಕಥೆ. ಕಾಲಲ್ಲಿ ಬಾಲು ಇದ್ದರೆ ತಲೆಯಲ್ಲೂ ಇದೆ ಅಂದುಕೊಳ್ತಾರೆ. ನಾನು ಯೂನಿವರ್ಸಿಟಿ ಟೀಮಿನ ಬೆಂಚಿನಿಂದ ಮೇಲೆ ಹೋಗಲಿಲ್ಲ. ದೈಹಿಕ ಶಿಕ್ಷಣದ ಬಿ.ಪಿ.ಎಡ್ ಮಾಡಿ ಸರ್ಕಾರಿ ಶಾಲೆ ಸೇರಿದೆ. ಈಗ ಒಂದನೇ ತಾರೀಖು ಸಂಬಳ, ನಮ್ಮ ಹುಡುಗರು ತಾಲ್ಲೂಕು ದಾಟಿ ಜಿಲ್ಲೆಗೆ ಹೋಗ್ತಾರೆ. ಇಟಲಿಯ ಕೋಚ್ ಅರ್ರಿಗೊ ಸಾಕ್ಕಿ ಪ್ರೊಫೆಷನಲ್ ಆಟಗಾರನೇ ಅಲ್ಲ. ಶೂ ಮಾರುತ್ತಿದ್ದವನು. ಎಸಿ ಮಿಲಾನ್ ಕ್ಲಬ್ಬಿಗೆ 1989, 1990 ಸತತ ಎರಡು ಸಲ ಯುರೋಪಿಯನ್ ಕಪ್ ಗೆಲ್ಲಿಸಿದ.

ಸ್ಟಾಪರ್: ಮೇಷ್ಟ್ರೇ, ಸಾಕ್ಕಿ ಹತ್ತಿರ ಬರೇಸಿ, ಮಾಲ್ದಿನಿಯಂಥ ಡಿಫೆಂಡರ್‌ಗಳು ಇದ್ದರು. ನಿಮ್ಮ ಹತ್ತಿರ ಕ್ರೀಡಾ ಪೀರಿಯಡ್‌ನಲ್ಲಿ ಗಣಿತದ ಮೇಷ್ಟ್ರು ಬಿಟ್ಟುಕೊಟ್ಟ ಹುಡುಗರು ಇದ್ದಾರೆ. ಬೇಸರ ಮಾಡ್ಕೋಬೇಡಿ.

ಪಿಟಿ ಮೇಷ್ಟ್ರು: ಬೇಸರ ಯಾಕೆ? ನನ್ನ ಪೋಸ್ಟು ಯಾರೂ ಕೊಯ್ದುಕೊಂಡು ಹೋಗಲ್ಲ.

ಗೋಲಿ (ಗೋಲ್‌ಕೀಪರ್), ಎನ್.ಆರ್. ಮೊಹಲ್ಲಾ: ಇಬ್ಬರೂ ಜಗಳ ಬಿಡಿ, ಲೈಸೆನ್ಸ್ ವಿಷಯಕ್ಕೆ ಬನ್ನಿ. ನಾನು ಡಿ, ಸಿ, ಬಿ ಮೂರೂ ಮಾಡಿದ್ದೇನೆ, ಎಲ್ಲ ಕೈಯಿಂದ ಹಾಕಿ. ಫೀಸು ಒಂದು ಲೆಕ್ಕ, ಬಾಕಿ ಖರ್ಚು ಇನ್ನೊಂದು ಲೆಕ್ಕ. ಬಿ ಲೈಸೆನ್ಸ್‌ಗೆ ಬೇರೆ ರಾಜ್ಯಕ್ಕೆ ಹೋದೆ. ಸ್ಲೀಪರ್ ಸಿಕ್ಕಲಿಲ್ಲ, ತತ್ಕಾಲ್‌ನಲ್ಲಿ ಎರಡೂ ಕಡೆ 3,200. ರೂಮಿಗೆ ದಿನಕ್ಕೆ 800. ಅಲ್ಲಿನ ಊಟ ಹೊಟ್ಟೆಗೆ ಹಿಡಿಸದೆ ಮಾತ್ರೆಗೇ 600 ಹೋಯಿತು. ಕೆಲಸ ಮಾಡುತ್ತಿದ್ದ ಶಾಲೆ ಅಷ್ಟೂ ದಿನದ ಸಂಬಳ ಹಿಡಿಯಿತು. ಪ್ರಾಕ್ಟಿಕಲ್‌ನಲ್ಲಿ ನನಗೆ ಬಂದ ಟಾಪಿಕ್ ಹಿಂದಿನಿಂದ ಆಟ ಕಟ್ಟುವುದು, ಅಂದರೆ ಗೋಲಿಯಿಂದಲೇ ಪಾಸ್ ಕೊಟ್ಟುಕೊಂಡು ಮುಂದೆ ಹೋಗುವುದು. ಸೆಷನ್ ನಡುವೆ ನಾನು ಎಷ್ಟು ಕೂಗಿದೆ ಅಂದರೆ ಪರೀಕ್ಷಕರು ಹತ್ತಿರ ಬಂದು, ನೀವು ಗೋಲಿನಲ್ಲಿ ನಿಂತಿಲ್ಲ, ಆಟ ನಿಲ್ಲಿಸಿ ತಿದ್ದಿ ಅಂದರು. ಅದೊಂದು ಮಾತು ಮಾತ್ರ ಕಾಸಿಗೆ ತಕ್ಕದ್ದು.

ಮೇಲೆ ಇನ್ನೂ ಎ ಇದೆ, ಪ್ರೋ ಇದೆ. ಇಂಡಿಯನ್ ಸೂಪರ್ ಲೀಗ್‌ನಲ್ಲಿ (ಐಎಸ್‌ಎಲ್) ಹೆಡ್ ಕೋಚ್ ಆಗಬೇಕಾದರೆ ಪ್ರೋ ಬೇಕು. ಖಾಲಿದ್ ಜಮೀಲ್ ನೋಡಿ. ಗಾಯ ಆಗಿ ಆಟ ನಿಂತಿತು, 2009ರಲ್ಲಿ ಮುಂಬೈ ಎಫ್‌ಸಿ ಕೋಚ್ ಆದರು. 2016-17ರಲ್ಲಿ ಮಿಜೋರಾಂನ ಐಜಾಲ್‌ನಂಥ ಸಣ್ಣ ಕ್ಲಬ್ಬಿಗೆ ಆಗಿನ ದೇಶದ ದೊಡ್ಡ ಲೀಗ್ ಆದ ಐ-ಲೀಗ್ ಗೆಲ್ಲಿಸಿದರು. 2025ರಲ್ಲಿ ಭಾರತ ತಂಡಕ್ಕೇ ಕೋಚ್.

ಸ್ಟಾಪರ್: ಅವರು ಭಾರತಕ್ಕೆ ಆಡಿದವರು ಸ್ವಾಮಿ. ಆಟ ನಿಂತಾಗ ಅವರ ಕ್ಲಬ್ಬೇ ಕರೆದು ಕುರ್ಚಿ ಕೊಟ್ಟಿತು. ನಿಮಗೆ ನಿಮ್ಮ ಕ್ಲಬ್ಬು ಬಾಕಿ ಮೂರು ತಿಂಗಳ ದುಡ್ಡಾದರೂ ಕೊಟ್ಟಿತಾ?

ಗೋಲಿ, ಎನ್.ಆರ್. ಮೊಹಲ್ಲಾ: ಇಲ್ಲ. ಅದಕ್ಕೂ ಲೈಸೆನ್ಸ್‌ಗೂ ಏನು ಸಂಬಂಧ?

ಮಂಡ್ಯದ ಅಕ್ಕ: ನಾನು ಹುಡುಗಿಯರಿಗೆ ಹೇಳಿಕೊಡುವವಳು. ಸರ್ ಎಂವಿ ಸ್ಟೇಡಿಯಂ ಹತ್ತಿರ ಬೆಳಿಗ್ಗೆ ಐದೂವರೆಗೆ ನಿಂತಿರ್ತೀನಿ. ಯಾರೂ ಹೇಳದ ಖರ್ಚು ಒಂದಿದೆ, ಪೆಟ್ರೋಲು. ಮನೆಯಿಂದ ಕರೆತಂದು ವಾಪಸ್ ಬಿಟ್ಟರೆ ಮಾತ್ರ ಕಳಿಸ್ತಾರೆ. ಸ್ಕೂಟರ್‌ನಲ್ಲಿ ಎರಡೆರಡು ಟ್ರಿಪ್, ತಿಂಗಳಿಗೆ 2,800. ಶಾರ್ಟ್ಸ್ ಹಾಕಬಾರದು ಅಂದ ತಾಯಂದಿರ ಕಾಲು ಹಿಡಿದಿದ್ದೇನೆ. ಚೆನ್ನಾಗಿ ಆಡುವ ಹುಡುಗಿಗೆ ಎಸ್ಸೆಸ್ಸೆಲ್ಸಿ ಆಯ್ತು ಅಂದರೆ ಎಲ್ಲಿ ಆಟ ಬಿಡಿಸ್ತಾರೋ ಅಂತ ಎದೆ ಡವಡವ. ಆದರೂ ನಮ್ಮ ಹುಡುಗಿ ಸ್ಪೋರ್ಟ್ಸ್ ಕೋಟಾದಲ್ಲಿ ಕಾಲೇಜು ಸೇರಿದಳು. ಅದನ್ನ ನನ್ನಿಂದ ಯಾರೂ ಕಿತ್ತುಕೊಳ್ಳೋಕೆ ಆಗಲ್ಲ.

ಪಿಟಿ ಮೇಷ್ಟ್ರು: ಶಹಬ್ಬಾಸ್ ತಾಯಿ. ನಮ್ಮ ಮೈಸೂರು ಸುಮ್ನೆ ಅಲ್ಲ. 1946-47ರಲ್ಲೇ ರಾಷ್ಟ್ರಮಟ್ಟದ ಸಂತೋಷ್ ಟ್ರೋಫಿ ಗೆದ್ದ ಊರು. ಆಮೇಲೆ 1952-53, 1967-68, 1968-69.

ಸ್ಟಾಪರ್: ಅದು ಮೈಸೂರು ಊರಲ್ಲ ಮೇಷ್ಟ್ರೇ, ರಾಜ್ಯ! ಟೀಮಿನ ತುಂಬಾ ಬೆಂಗಳೂರಿನವರು. ಆಮೇಲೆ ಕರ್ನಾಟಕ ಮತ್ತೆ ಗೆದ್ದಿದ್ದು 2023ರ ಮಾರ್ಚ್‌ನಲ್ಲಿ, ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಲ್ಲಿ ಸೋಲಿಸಿ. 54 ವರ್ಷ ಕಾದೆವು. ಇಷ್ಟು ವರ್ಷ ಪಿಟಿ ಮೇಷ್ಟ್ರುಗಳು ಏನು ಮಾಡ್ತಿದ್ದರು?

ಪಿಟಿ ಮೇಷ್ಟ್ರು: ಜನಗಣತಿ, ಚುನಾವಣೆ, ಬಿಸಿಯೂಟ. ಇನ್ನೇನು ಮಾಡಬೇಕಿತ್ತು? 1948ರ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಮೇಲೆ ಗೋಲು ಹೊಡೆದ ಸಾರಂಗಪಾಣಿ ರಾಮನ್ ನಮ್ಮವರಲ್ವಾ?

ಗೋಲಿ, ಎನ್.ಆರ್. ಮೊಹಲ್ಲಾ: ಅವರೂ ಬೆಂಗಳೂರಿನವರೇ. ಅದೇ ಮ್ಯಾಚಲ್ಲಿ ನಮ್ಮವರು ಎರಡು ಪೆನಾಲ್ಟಿ ಕೂಡ ಕಳೆದರು. 1-2 ಸೋತೆವು.

ಸ್ಟಾಪರ್: ಪೆನಾಲ್ಟಿ ಅಂದ ತಕ್ಷಣ ಬಂದುಬಿಟ್ಟರು ನೋಡಿ ಗೋಲಿಗಳು. ಮೂರು ಕಂಬದ ನಡುವೆ ನಿಂತು ಬೇರೆಯವರ ತಪ್ಪು ಎಣಿಸುವುದೇ ಇವರ ಕೆಲಸ.

ಗೋಲಿ, ಎನ್.ಆರ್. ಮೊಹಲ್ಲಾ: ಸ್ಟಾಪರ್ ಬಿಟ್ಟ ಆಳು ಬಂದು ಹೊಡೆದಿದ್ದಕ್ಕೇ ಅಲ್ವಾ ನಾನು ನೆಟ್‌ನಿಂದ ಬಾಲು ತೆಗೀತಿದ್ದದ್ದು.

ಮಂಡ್ಯದ ಅಕ್ಕ: ತಮ್ಮಾ, ಇವರದ್ದು ಮುಗಿಯಲ್ಲ. ಡಿ ಆದಮೇಲೆ ಇಷ್ಟು ತಿಂಗಳು ಕೋಚಿಂಗ್ ಮಾಡಿರಬೇಕು ಅಂತ ಸಿ ಲೈಸೆನ್ಸ್‌ಗೆ ಕೇಳ್ತಾರೆ. ನನ್ನ ಅರ್ಜಿ ಅದಕ್ಕೇ ಒಂದು ಸಲ ವಾಪಸ್ ಬಂದಿತ್ತು. ಶಾಲೆ ಸೇರಿ, ಸಹಿ ಸೀಲು ಇರುವ ಪತ್ರ ಮೊದಲೇ ತಗೊಂಡು ಇಟ್ಕೊಳ್ಳಿ. ಕೋರ್ಸಿಗೆ ಹೋದಾಗ ಸಂಬಳ ಹಿಡಿಯಬಾರದು ಅಂತಾನೂ ಅದರಲ್ಲೇ ಬರೆಸಿ.