ಚಂದ್ರನ ಮೇಲಿನ ಫೈಟ್: ಮಾರ್ಷಲ್ ಆರ್ಟ್ಸ್ ಪಟುವನ್ನು ಹಾಕೋದಾ, ನಟಿಗೇ ಕಲಿಸೋದಾ?

ಕೊನೇ_ರೀಲು:
ಹದಿನೈದು ನಿಮಿಷದ ಸೈನ್ಸ್ ಫಿಕ್ಷನ್ ಕಿರುಚಿತ್ರ. ಕಥೆ ನಡೆಯೋದು ಚಂದ್ರನ ಮೇಲಿನ ಒಂದು ನೆಲೆಯಲ್ಲಿ. ಎರಡು ಫೈಟ್ ಇವೆ. ಮೊದಲನೆಯದು 1.2 ಮೀಟರ್ ಅಗಲದ ಕಾರಿಡಾರ್ ಸೆಟ್‌ನಲ್ಲಿ, ಇಬ್ಬರೂ ಸ್ಪೇಸ್‌ಸೂಟ್, ಹೆಲ್ಮೆಟ್ ಹಾಕಿಕೊಂಡು. ಎರಡನೆಯದು ನಾಯಕಿಗೂ ಮನುಷ್ಯರೂಪದ ರೋಬೋಟ್‌ಗೂ, ಸೂಟ್ ಇಲ್ಲದೆ. ನಾಯಕಿ ಪಾತ್ರಕ್ಕೆ ಒಳ್ಳೇ ನಟಿ ಸಿಕ್ಕಿದ್ದಾರೆ, ಆದ್ರೆ ಮುಷ್ಟಿ ಕಟ್ಟೋಕೂ ಬರಲ್ಲ. ಟೇಕ್ವಾಂಡೋ, ವುಶು (ಚೀನಾದ ಸಮರಕಲೆ), ಜೂಡೋ ಬಲ್ಲವರು ಆಡಿಷನ್‌ಗೆ ಬರ್ತೀವಿ ಅಂದಿದ್ದಾರೆ. ಅವರಿಗೆ ಡೈಲಾಗ್ ಬರಲ್ಲ. ಶೂಟಿಂಗ್‌ಗೆ ಆರು ವಾರ ಇದೆ. ಯಾರನ್ನ ಎಲ್ಲಿ ಹಾಕೋದು? ಗುರುತ್ವ ಕಡಿಮೆ ಅಂತ ತೋರಿಸೋಕೆ ಎಲ್ಲಾ ಸ್ಲೋ ಮೋಷನ್‌ನಲ್ಲಿ ತೆಗೆದ್ರೆ ಸಾಕಾ?

ಡೂಪ್_ಬೇಕಾಗಿದೆ:
ಮೊದಲು ಸ್ಕ್ರಿಪ್ಟ್ ತೆಗೆದು, ಹೊಡೆದಾಟದಲ್ಲಿ ಯಾರ ಮುಖ ಯಾವಾಗ ಕಾಣಲೇಬೇಕು ಅಂತ ಗುರುತು ಹಾಕಿ. ಮುಖ ಮುಚ್ಚೋ ಅವಕಾಶ ಸೈನ್ಸ್ ಫಿಕ್ಷನ್‌ನಲ್ಲಿ ಇರೋಷ್ಟು ಬೇರೆಲ್ಲೂ ಇಲ್ಲ. ‘ಸ್ಟಾರ್ ವಾರ್ಸ್’ ಚಿತ್ರಗಳ ಮುಖವಾಡದ ಖಳ ಡಾರ್ತ್ ವೇಡರ್ ಪಾತ್ರದಲ್ಲಿ ಮೈ ಡೇವಿಡ್ ಪ್ರೌಸ್ ಅವರದು, ದನಿ ಜೇಮ್ಸ್ ಅರ್ಲ್ ಜೋನ್ಸ್ ಅವರದು, 1980 ಮತ್ತು 1983ರ ಚಿತ್ರಗಳ ಕತ್ತಿವರಸೆ ಬಾಬ್ ಆಂಡರ್ಸನ್ ಅವರದು. ಆಂಡರ್ಸನ್ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಆಡಿದ್ದ ಫೆನ್ಸಿಂಗ್ ಪಟು. 1999ರಲ್ಲಿ ಅದೇ ಸರಣಿಯ ಇನ್ನೊಬ್ಬ ಖಳ ಡಾರ್ತ್ ಮಾಲ್ ಆದ ರೇ ಪಾರ್ಕ್ ವುಶು ಪಟು, ಅವರಿಗೆ ದನಿ ಕೊಟ್ಟಿದ್ದು ಪೀಟರ್ ಸೆರಫಿನೋವಿಚ್. ಹಾಗಾಗಿ ಡೈಲಾಗ್ ಬರಲ್ಲ ಅನ್ನೋದನ್ನ ದೊಡ್ಡ ಅಡ್ಡಿ ಮಾಡ್ಕೋಬೇಡಿ, ಡಬ್ಬಿಂಗ್ ಇದೆ.

ನಟಿಗೇ ಪೂರ್ತಿ ಕಲಿಸೋ ಆಸೆ ಬಿಡಿ. ‘ದಿ ಮೇಟ್ರಿಕ್ಸ್’ಗೆ ಫೈಟ್ ಸಂಯೋಜಿಸಿದ ಯುವೆನ್ ವೂ-ಪಿಂಗ್ ತಂಡ ನಟರನ್ನ ಪಳಗಿಸೋಕೆ ಸುಮಾರು ನಾಲ್ಕು ತಿಂಗಳು ತಗೊಂಡಿತ್ತು. ಆರು ವಾರದಲ್ಲಿ ನಿಮ್ಮ ನಟಿ ಕಲಿಯಬಹುದಾದ್ದು ಇಷ್ಟು: ಕಾಲಿನ ನಿಲುವು, ಪೆಟ್ಟಾಗದ ಹಾಗೆ ಬೀಳೋದು, ಏಟು ತಿಂದ ರಿಯಾಕ್ಷನ್, ಮತ್ತೆ ನಾಲ್ಕೈದು ಮೂವ್ ಇರೋ ಮೂರ್ನಾಲ್ಕು ತುಂಡು. ಅದರಲ್ಲೂ ರಿಯಾಕ್ಷನ್‌ಗೇ ಅರ್ಧ ಸಮಯ ಕೊಡಿ. ಏಟು ಬಿತ್ತು ಅಂತ ಪ್ರೇಕ್ಷಕ ನಂಬೋದು ತಿಂದವರನ್ನ ನೋಡಿ, ಹೊಡೆದವರನ್ನಲ್ಲ.

ಆಡಿಷನ್‌ನಲ್ಲಿ ಕಿಕ್ ತೋರಿಸಿ ಅನ್ನಬೇಡಿ, ಅದನ್ನ ಎಲ್ಲರೂ ಚೆನ್ನಾಗೇ ಮಾಡ್ತಾರೆ. ಆರು ಮೂವ್ ಹೇಳಿಕೊಟ್ಟು ಹದಿನೈದು ನಿಮಿಷ ಬಿಡಿ. ಮಾಡಿಸಿ. ಆಮೇಲೆ ನಾಲ್ಕನೇ ಮೂವ್ ಬದಲಿಸಿ ತಕ್ಷಣ ಮತ್ತೆ ಮಾಡಿಸಿ. ಕೊನೆಗೆ ಅದೇ ಆರನ್ನ ಸೋಲ್ತಾ ಮಾಡಿ ಅನ್ನಿ. ಪಂದ್ಯ ಆಡಿ ಬಂದವರು ಜಾರಿ ಬೀಳೋದು ಹೆಚ್ಚಾಗಿ ಇಲ್ಲೇ, ಯಾಕಂದ್ರೆ ನೋವು ತೋರಿಸಬಾರದು ಅಂತಲೇ ಅವರು ವರ್ಷಗಟ್ಟಲೆ ಕಲಿತಿರ್ತಾರೆ. ವೇಗ ಇನ್ನೊಂದು ತಲೆನೋವು. 0.2 ಸೆಕೆಂಡಿನ ಜ್ಯಾಬ್ (ನೇರ ಗುದ್ದು) ಅಂದ್ರೆ ಸೆಕೆಂಡಿಗೆ 24 ಫ್ರೇಮ್ ಲೆಕ್ಕದಲ್ಲಿ ಐದೇ ಫ್ರೇಮ್, ಕಣ್ಣಿಗೆ ಸಿಗೋ ಮೊದಲೇ ಮುಗಿದಿರುತ್ತೆ. ಮುಕ್ಕಾಲು ವೇಗದಲ್ಲಿ ಹೊಡೆದೂ ಜೋರು ಕಾಣಿಸೋರನ್ನ ಆರಿಸಿ.

ಆರನೇ_ಒಂದು:
ಎಲ್ಲಾ ಸ್ಲೋ ಮೋಷನ್ ಅಂದ್ರೆ ನೀರಲ್ಲಿ ಮುಳುಗಿದ ಹಾಗೆ ಕಾಣುತ್ತೆ. ಚಂದ್ರನಲ್ಲಿ ಬೀಳೋದು ನಿಧಾನ, ಕೈ ಬೀಸೋದು ನಿಧಾನ ಅಲ್ಲ. ಎರಡನ್ನೂ ಬೇರೆ ಬೇರೆ ಶಾಟ್ ಮಾಡಿ.

ಲೆಕ್ಕ ಸುಲಭ. ಗುರುತ್ವ ಆರನೇ ಒಂದು ಭಾಗ, ಆರರ ವರ್ಗಮೂಲ 2.45. 24ನ್ನ ಅದರಿಂದ ಗುಣಿಸಿದ್ರೆ ಸುಮಾರು 59. ಅಂದ್ರೆ 60 ಫ್ರೇಮ್‌ನಲ್ಲಿ ತೆಗೆದು 24ರಲ್ಲಿ ಓಡಿಸಿದ್ರೆ ಬೀಳೋ ವೇಗ ಹೆಚ್ಚುಕಮ್ಮಿ ಸರಿಯಾಗಿರುತ್ತೆ. (ಕಥೆ ಮಂಗಳ ಗ್ರಹದ್ದಾಗಿದ್ರೆ 39 ಸಾಕಾಗ್ತಿತ್ತು.) ನೆಗೆತ, ಬೀಳೋದು, ಕೈಯಿಂದ ಜಾರಿದ ವಸ್ತು 60ರಲ್ಲಿ, ಹೊಡೆತ, ಹಿಡಿತ, ಕತ್ತು ತಿರುಗಿಸೋದು 24ರಲ್ಲಿ.

ನಟರನ್ನ ರೋಪ್‌ನಲ್ಲಿ ತೂಗಿಸೋದು ಮತ್ತು ಹೀಗೆ 60ರ ಹೈಸ್ಪೀಡ್‌ನಲ್ಲಿ ತೆಗೆಯೋದು ಒಟ್ಟಿಗೆ ಬೇಡವೇ ಬೇಡ. ರೋಪ್ ಒಂದು ಸಲ ನಿಧಾನ ಮಾಡುತ್ತೆ, ಕ್ಯಾಮೆರಾ ಇನ್ನೊಂದು ಸಲ. ಮನುಷ್ಯ ಬಲೂನ್ ಆಗ್ತಾನೆ. 60ರಲ್ಲಿ ತೆಗೆಯೋದಾದ್ರೆ 60-70 ಸೆಂ.ಮೀ. ಎತ್ತರದ ಪೆಟ್ಟಿಗೆ ಮೇಲಿಂದ ಸುಮ್ಮನೆ ಹಾರಿಸಿ. ರೋಪ್ ಆದ್ರೆ 24ರಲ್ಲೇ ತೆಗೀರಿ. ಅಲ್ಲೂ ಒಂದು ತಪ್ಪು ತುಂಬಾ ಆಗುತ್ತೆ: ಸೂಟ್ ಸೇರಿ 84 ಕೆ.ಜಿ. ಇರೋರಿಗೆ ಆರನೇ ಐದು ಭಾಗ ಅಂತ ರೋಪ್‌ನ ಇನ್ನೊಂದು ತುದಿಗೆ 70 ಕೆ.ಜಿ. ಪ್ರತಿಭಾರ ಕಟ್ಟಿಬಿಡ್ತಾರೆ. ಆ ಭಾರವೂ ಜೊತೆಗೆ ಚಲಿಸಬೇಕಲ್ಲ, ಹಾಗಾಗಿ ಗುರುತ್ವ ಹನ್ನೊಂದನೇ ಒಂದಕ್ಕೆ ಇಳಿದ ಹಾಗೆ ಆಗುತ್ತೆ. ಬೇಕಾದ್ದು ಏಳನೇ ಐದು ಭಾಗ, 60 ಕೆ.ಜಿ. ರೋಪ್ ಕಟ್ಟೋದು ಮಾತ್ರ ಅದರಲ್ಲೇ ಪಳಗಿದ ಸ್ಟಂಟ್‌ನವರ ಕೆಲಸ. ಲೆಕ್ಕ ಗೊತ್ತಾಯ್ತು ಅಂತ ನೀವೇ ಕಟ್ಟೋಕೆ ಹೋಗಬೇಡಿ.

ಇನ್ನು ಆಯ್ಕೆ ವಿಷಯ. ನೆಲಕ್ಕೆ ಕಾಲು ಒತ್ತೋ ಬಲವೇ ಆರನೇ ಒಂದಾದಾಗ ಘರ್ಷಣೆಯೂ ಅಷ್ಟೇ. ಗುದ್ದಿದವರೇ ಹಿಂದಕ್ಕೆ ಜಾರ್ತಾರೆ. ಅಲ್ಲಿ ಜನ ಕಿಕ್ ಹೊಡೆಯಲ್ಲ, ಗೋಡೆಯ ಹಿಡಿಕೆಗೆ ಒಂದು ಕೈ ಹಾಕಿ, ಇನ್ನೊಂದರಲ್ಲಿ ಎದುರಾಳಿಯ ಪಟ್ಟಿ ಹಿಡಿದು ಎಳೆದಾಡ್ತಾರೆ. ಕಾರಿಡಾರ್‌ಗೆ ಜೂಡೋದವರನ್ನೇ ಹಾಕಿ. ಕುತ್ತಿಗೆ ಹಿಸುಕೋದು ಹೆಲ್ಮೆಟ್ ಬಳೆ ಇರೋದ್ರಿಂದ ಅರ್ಥವಿಲ್ಲ. ಆಮ್ಲಜನಕದ ಕೊಳವೆ, ಬೆನ್ನಿನ ಪೆಟ್ಟಿಗೆ, ಮುಖದ ಗಾಜು, ಇವೇ ಗುರಿ.

ಎಂಬತ್ತೈದು_ಎಂಎಂ:
ಜೂಡೋ ಸರಿ. ಆದ್ರೆ ಹೊಡೆತವೇ ಇಲ್ಲದೆ ಎರಡು ನಿಮಿಷ ಬರೀ ಎಳೆದಾಟ ಆದ್ರೆ, ದಪ್ಪ ಸೂಟ್‌ಗಳಲ್ಲಿ ಯಾರು ಯಾರನ್ನ ಹಿಡಿದಿದ್ದಾರೆ ಅಂತಲೇ ತಿಳಿಯಲ್ಲ. ಇಬ್ಬರ ಸೂಟ್‌ಗೆ ಬೇರೆ ಬಣ್ಣದ ಪಟ್ಟಿ ಹಾಕಿ, ಮಧ್ಯೆ ಮಧ್ಯೆ ಸ್ಪಷ್ಟವಾಗಿ ಓದಬಲ್ಲ ಮೊಣಕೈ, ಮೊಣಕಾಲು ಏಟು ಇಡಿ.

ನಿಮ್ಮ ನಿಜವಾದ ಸಮಸ್ಯೆ ಆ 1.2 ಮೀಟರ್. ಮುಷ್ಟಿ ಮುಖದಿಂದ 20-30 ಸೆಂ.ಮೀ. ದೂರದಲ್ಲಿ ಹಾದು ಹೋದ್ರೂ ತಾಗಿದ ಹಾಗೆ ಕಾಣಬೇಕಾದ್ರೆ ಉದ್ದ ಲೆನ್ಸ್ ಬೇಕು, ಮುಷ್ಟಿ ಕ್ಯಾಮೆರಾ ಮತ್ತು ಮುಖದ ನಡುವಿನ ಗೆರೆಯನ್ನ ದಾಟಬೇಕು. ಇಕ್ಕಟ್ಟಾದ ಜಾಗ ನಿಮ್ಮನ್ನ 24 ಎಂಎಂ ವೈಡ್ ಲೆನ್ಸ್ ಕಡೆ ತಳ್ಳುತ್ತೆ, ಅದರಲ್ಲಿ ಆ ಖಾಲಿ ಜಾಗ ಎದ್ದು ಕಾಣುತ್ತೆ. ಸೆಟ್ ಕಟ್ಟುವಾಗಲೇ ಒಂದು ಗೋಡೆಯನ್ನ ತುಂಡು ತುಂಡಾಗಿ ಬಿಚ್ಚೋ ಹಾಗೆ ಮಾಡಿಸಿ, ಹೊರಗಿಂದ 85 ಎಂಎಂ ಉದ್ದ ಲೆನ್ಸ್‌ನಲ್ಲಿ ತೆಗೀರಿ. ಅದಾಗದಿದ್ರೆ ಮುಖದ ಏಟು ಬಿಟ್ಟು ಮೈ ಏಟಿಗೆ ಬನ್ನಿ: ಸೂಟ್ ಒಳಗೆ ಎದೆ, ಹೊಟ್ಟೆಗೆ ಪ್ಯಾಡ್ ಹಾಕಿದ್ರೆ ಮೂರನೇ ಒಂದು ಬಲದಲ್ಲಿ ನಿಜವಾಗಿ ತಾಗಿಸಬಹುದು. ಪ್ಯಾಡ್ ಲೆಕ್ಕ ಹಿಡಿದು ಸೂಟ್ ಒಂದು ಸೈಜ್ ದೊಡ್ಡದು ಹೊಲಿಸಿ.

ಹೆಲ್ಮೆಟ್‌ಗೆ ಗಾಜು ಹಾಕದೆ ಶೂಟ್ ಮಾಡಿ, ಆಮೇಲೆ ಗ್ರಾಫಿಕ್ಸ್‌ನಲ್ಲಿ ಸೇರಿಸಿ. ಗಾಜಿದ್ರೆ ಲೈಟು, ಕ್ಯಾಮೆರಾ ಎಲ್ಲಾ ಅದರಲ್ಲಿ ಕಾಣುತ್ತೆ, ಉಸಿರಿಗೆ ಮಂಜು ಕಟ್ಟುತ್ತೆ, ಒಳಗಿರೋರಿಗೆ ಉಸಿರಾಟಕ್ಕೂ ಕಷ್ಟ. ಪಕ್ಕದ ನೋಟ ಹೇಗೂ ಇರಲ್ಲ, ಅದಕ್ಕೇ ಒಂದು ಟೇಕ್‌ಗೆ ನಾಲ್ಕು ಮೂವ್ ಮೀರಬೇಡಿ.

ಕೊನೇ_ರೀಲು:
ಪ್ರತಿಭಾರದ ಲೆಕ್ಕ ಯಾರೂ ಹೇಳಿರಲಿಲ್ಲ, ಥ್ಯಾಂಕ್ಸ್. ಗೋಡೆ ಬಿಚ್ಚೋ ವ್ಯವಸ್ಥೆ ಮಾಡಿಸ್ತೀನಿ. ರೋಬೋಟ್‌ಗೆ ಟೇಕ್ವಾಂಡೋದವರನ್ನ ಹಾಕೋಣ ಅಂತಿದ್ದೆ, ಕಿಕ್ ಚೆನ್ನಾಗಿದೆ.

ಬೋಲ್ಟು_ನಟ್ಟು:
ಬೇಡ, ವುಶುದವರನ್ನ ನೋಡಿ. ಟೇಕ್ವಾಂಡೋ ಪಂದ್ಯದವರಿಗೆ ಕಾಲಲ್ಲಿ ಪುಟಿಯೋ ಅಭ್ಯಾಸ ಇರುತ್ತೆ, ಬಿಡು ಅಂದ್ರೂ ಮೂರನೇ ಟೇಕ್‌ನಲ್ಲಿ ವಾಪಸ್ ಬರುತ್ತೆ. ವುಶು ಪ್ರದರ್ಶನದವರು ಒಂದು ಭಂಗಿಯಲ್ಲಿ ಗಕ್ಕನೆ ನಿಲ್ಲೋದನ್ನ ಕಲಿತಿರ್ತಾರೆ, ರೋಬೋಟ್‌ಗೆ ಬೇಕಾಗಿರೋದು ಅದೇ.

ಮನುಷ್ಯ ಹೊಡೆಯುವಾಗ ಮೊದಲು ಕಣ್ಣು, ಆಮೇಲೆ ತಲೆ, ಭುಜ, ಕೊನೆಗೆ ಕೈ. ಈ ಕ್ರಮ ಮುರಿಸಿ. ಕೈ ಮೊದಲು ಹೋಗಲಿ, ತಲೆ ಆಮೇಲೆ ತಿರುಗಲಿ, ಭುಜ ಹಿಂದಕ್ಕೆ ಎಳೆದು ಸಿದ್ಧವಾಗೋದು ಪೂರ್ತಿ ಬಂದ್. ಹೊಡೆತದ ಕ್ಷಣದಲ್ಲಿ ಕಣ್ಣು ಮಿಟುಕಿಸಬಾರದು. ಇದೊಂದಕ್ಕೇ ವಾರ ಬೇಕು. ಉಸಿರು ಕಾಣದ ಹಾಗೆ ಎದೆ ಭಾಗಕ್ಕೆ ಗಟ್ಟಿ ಕವಚ ಕೊಡಿ.

ಭಾರ ತೋರಿಸೋದು ನಾಯಕಿ ಕೆಲಸ. ಅವಳ ಗುದ್ದು ರೋಬೋಟ್ ಎದೆಯಲ್ಲಿ ಅಲ್ಲೇ ನಿಂತು, ಅವಳ ಮಣಿಕಟ್ಟು ಹಿಂದಕ್ಕೆ ಬರಬೇಕು. ಕತ್ತು ಹಿಡಿದು ಎತ್ತೋ ಶಾಟ್‌ನಲ್ಲಿ ರೋಬೋಟ್ ಕೈ ಸಡಿಲವಾಗಿ ಕಾಲರ್ ಎಲುಬಿನ ಮೇಲಿರಲಿ. ಅವಳು ಎರಡೂ ಕೈಯಲ್ಲಿ ಆ ಮಣಿಕಟ್ಟು ಹಿಡಿದು, ಫ್ರೇಮ್ ಹೊರಗೆ ಇಟ್ಟ ಪೆಟ್ಟಿಗೆ ಮೇಲೆ ಹೆಜ್ಜೆ ಇಟ್ಟು ಏರಲಿ.

ಕ್ಯಾಮೆರಾಗೂ ಒಂದು ಉಪಾಯ: 2018ರ ‘ಅಪ್‌ಗ್ರೇಡ್’ನಲ್ಲಿ ನಟನ ಮೈಗೆ ಫೋನ್ ಕಟ್ಟಿ, ಅದರ ಚಲನೆಗೆ ಕ್ಯಾಮೆರಾವನ್ನ ಜೋಡಿಸಿದ್ರು. ಅವನು ವಾಲಿದ್ರೆ ಲೋಕವೇ ವಾಲಿದ ಹಾಗೆ ಕಾಣುತ್ತೆ. ಅಷ್ಟು ಸಲಕರಣೆ ಇಲ್ಲದಿದ್ರೆ ಎದೆ ಮೇಲೆ ಎರಡು ಚುಕ್ಕಿ ಅಂಟಿಸಿ, ಸುತ್ತ ಕಾಲು ಭಾಗ ಜಾಗ ಬಿಟ್ಟು 4ಕೆಯಲ್ಲಿ ತೆಗೆದು, ಎಡಿಟಿಂಗ್‌ನಲ್ಲಿ ಆ ಚುಕ್ಕಿಗಳು ಅಲುಗದ ಹಾಗೆ ಫ್ರೇಮನ್ನ ಅವಕ್ಕೆ ಜೋಡಿಸಿ. ಶಟರ್ 1/48 ಸೆಕೆಂಡಿನ ಬದಲು 1/96 ಇಡಿ, ಇಲ್ಲದಿದ್ರೆ ಸ್ಥಿರ ಮಾಡಿದ ಮೇಲೂ ಮಸುಕು ಉಳಿದು ಚಿತ್ರ ಅದುರಿದ ಹಾಗೆ ಕಾಣುತ್ತೆ. ಇಡೀ ಫೈಟ್‌ಗೆ ಬಳಸಬೇಡಿ, ಮೂರ್ನಾಲ್ಕು ಶಾಟ್ ಸಾಕು.

ಡೂಪ್_ಬೇಕಾಗಿದೆ:
ಒಂದು ಸೇರಿಸ್ತೀನಿ: ನಟಿಯ ಮುಖ ಕಾಣೋ ಶಾಟ್‌ಗಳನ್ನ ದಿನದ ಮೊದಲರ್ಧದಲ್ಲೇ ಮುಗಿಸಿ. ಸುಸ್ತಾದ ಕಾಲು ಗುರುತಿನ ಜಾಗ ತಪ್ಪುತ್ತೆ, ಏಟು ನಿಜವಾಗಿ ಬೀಳೋದು ಆವಾಗಲೇ. ಡೂಪ್‌ನ ಬೆನ್ನಿನ ಶಾಟ್, ಕೈಕಾಲಿನ ಕ್ಲೋಸಪ್ ಸಂಜೆಗೆ ಇಟ್ಕೊಳ್ಳಿ.