ಅಪ್‌ಡೇಟ್: ಹೈವ್‌ನಲ್ಲಿ ವೋಟಿನ ಬೆಲೆ ಈಗ ಇಳಿಯುತ್ತಿಲ್ಲ

ಹೈವ್ ಅಂದರೆ ಪೋಸ್ಟ್ ಬರೆದವರಿಗೂ ವೋಟು ಹಾಕಿದವರಿಗೂ ಕ್ರಿಪ್ಟೊ ಬಹುಮಾನ ಸಿಗುವ ಬ್ಲಾಗ್ ಜಾಲ. ಅಲ್ಲಿ ನನ್ನ ವೋಟಿನ ಬೆಲೆ (ಒಂದು ವೋಟು ಪೋಸ್ಟಿಗೆ ಕೊಡುವ ಬಹುಮಾನ) ದಿನೇ ದಿನೇ ಯಾಕೆ ಇಳಿಯುತ್ತಿದೆ ಅಂತ ಕೇಳಿದ್ದೆ ಅಲ್ವಾ? ಬದಿಯಡ್ಕದ ಅಣ್ಣ ಹೇಳಿದ ಲೆಕ್ಕವೇ ಸರಿ ಉಂಟು. ಒಂದು ಪೂರ್ತಿ ವೋಟಿಗೆ ಸುಮಾರು 2% ವೋಟಿಂಗ್ ಶಕ್ತಿ ಖರ್ಚು (ಅದು ಇಳಿದರೆ ವೋಟಿನ ಬೆಲೆಯೂ ಇಳಿಯುತ್ತದೆ), ದಿನಕ್ಕೆ ತುಂಬುವುದು 20% ಮಾತ್ರ. ಅಂದರೆ ದಿನಕ್ಕೆ 10 ಪೂರ್ತಿ ವೋಟು, ಅಷ್ಟೇ. ಯಕ್ಷಗಾನದ ಸೀಸನ್‌ನಲ್ಲಿ ಊರಿನವರ ಫೋಟೊ ಜಾಸ್ತಿ. ಬಿಡಲಿಕ್ಕೆ ಮನಸ್ಸಾಗುವುದಿಲ್ಲ! ಆ ದಿನ ವೋಟಿನ ಬಲ ಹೊಂದಿಸುವ ಸ್ಲೈಡರ್ ಅನ್ನು 50%ಕ್ಕೆ ಇಳಿಸಿ 20 ಪೋಸ್ಟ್‌ಗಳಿಗೆ ಹಂಚುತ್ತೇನೆ.

ಒಂದು ವಾರ ವೋಟೇ ಹಾಕಬೇಡಿ ಎಂಬ ಸಲಹೆ ಅಷ್ಟು ಉಪಯೋಗಕ್ಕೆ ಬರಲಿಲ್ಲ. ಶಕ್ತಿ 100% ಮುಟ್ಟಿದ ಮೇಲೆ ಕಾಯುವುದು ಸುಮ್ನೆ ದಂಡ. ಪೋಸ್ಟ್ ಬಂದ ಕೂಡಲೇ ಒತ್ತಬೇಕೆಂಬುದೂ ಅಷ್ಟೇ. ಮೊದಲ 24 ಗಂಟೆಯೊಳಗೆ ಯಾವಾಗ ಹಾಕಿದರೂ ಒಂದೇ ಲೆಕ್ಕ.

ನನಗೆ ಆಶ್ಚರ್ಯವಾದದ್ದು ಬೇರೆ. ಪೋಸ್ಟಿನ ಬಹುಮಾನದಲ್ಲಿ ಅರ್ಧ ವೋಟು ಹಾಕಿದವರಿಗೇ ಹೋಗುತ್ತದೆ. ಆದರೆ ಕೈಗೆ ಬರಲು 7 ದಿನ ಕಾಯಬೇಕು.